ಸವಳು ನೀರಿನ ಮಾಳಿಗೆ

ಹೆರಿಗೆ ಬೇನೆ ತಿನ್ನುವ ಹೆಂಗಸರು ತಲೆಯ ಮೇಲಿನ ಮಾಳಿಗೆಯನ್ನೇ ನೋಡುತ್ತಾರೆ. ಮಂಚದ ಮೇಲೆ ಅಂಗಾತ ಮಲಗಿದವರಿಗೆ ನೋಡಲು ಬೇರೇನೂ ಇರುವುದಿಲ್ಲ. ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ಜೇವರ್ಗಿ ತಾಲ್ಲೂಕಿನ ಹಳ್ಳಿಯೊಂದರ ಹೆರಿಗೆ ಆಸ್ಪತ್ರೆಗೆ ನರ್ಸ್ ಆಗಿ ಬಂದೆ. ಆಗ ನನಗೆ ಇಪ್ಪತ್ತೆರಡು ವರ್ಷ. ಭೀಮಾ ನದಿ ಅಲ್ಲಿಂದ ಒಂದು ಹರದಾರಿ ದೂರ. ನನ್ನ ತವರು ಆಳಂದದಾಚೆ, ಖಜೂರಿಯ ಹತ್ತಿರ. ನನ್ನ ಮಾತಿನಲ್ಲಿ ಅರ್ಧ ಮರಾಠಿ ಸೇರಿಕೊಂಡಿರುತ್ತಿತ್ತು. ನಾನು ಬಾಯಿ ತೆರೆದರೆ ಮೊದಮೊದಲು ಆ ಊರಿನ ಹೆಂಗಸರು ನೋವಿನ ನಡುವೆಯೂ ನಗುತ್ತಿದ್ದರು.

ಆಸ್ಪತ್ರೆ ಎಂದರೆ ಎರಡು ಕೋಣೆ, ಮುಂದೆ ಸೂರಿಗೆ ಫರ್ಸಿಯ ಚಪ್ಪಡಿಕಲ್ಲು ಹೊದಿಸಿದ ಉದ್ದನೆಯ ತೆರೆದ ಪಡಸಾಲೆ, ಹಿತ್ತಲಲ್ಲಿ ಒಂದು ಬಾವಿ, ಬಾವಿಯ ಪಕ್ಕ ಬೇವಿನ ಮರ. ಸುತ್ತಲಿನ ಮನೆಗಳಿಗೆಲ್ಲ ಮಣ್ಣಿನ ಮಾಳಿಗೆ. ಕಬ್ಬಿಣದ ಸಲಾಕಿ ಹೆಣೆದು ಸಿಮೆಂಟು ಸುರಿದ ಸ್ಲ್ಯಾಬು ಊರಲ್ಲಿ ಇದ್ದದ್ದು ನಮ್ಮ ಎರಡು ಕೋಣೆಗಳಿಗೆ ಮಾತ್ರ. ಜನ ಅದನ್ನು ಸಿಮಿಟ್ ದವಾಖಾನಿ ಎಂದೇ ಕರೆಯುತ್ತಿದ್ದರು. ಮಣ್ಣಿನ ಮಾಳಿಗೆಗಾದರೆ ವರ್ಷಕ್ಕೊಮ್ಮೆ ಮಣ್ಣು ಹಾಕಬೇಕು, ಇದಕ್ಕೆ ಏನೂ ಬೇಡ, ನೂರು ವರ್ಷ ಹೀಗೇ ಇರುತ್ತದೆ ಎಂದು ನನಗೂ ಯಾರೋ ಹೇಳಿದ್ದರು. ನಾನು ನಂಬಿದ್ದೆ.

ನನ್ನ ಜೊತೆ ಒಬ್ಬ ಆಯಾ ಇದ್ದಳು. ವಯಸ್ಸಿನಲ್ಲಿ ನನ್ನ ತಾಯಿಗಿಂತ ದೊಡ್ಡವಳು. ಹಣೆಗೆ ಅಗಲವಾಗಿ ವಿಭೂತಿ ಹಚ್ಚಿಕೊಂಡು, ಸೆರಗು ಸೊಂಟಕ್ಕೆ ಬಿಗಿದು, ನಾನು ಏಳುವ ಮೊದಲೇ ನೀರು ಕಾಸಲು ಇಟ್ಟಿರುತ್ತಿದ್ದಳು. ಎಲ್ಲರೂ ಅವಳನ್ನು ಆಯಿ ಎನ್ನುತ್ತಿದ್ದರು, ನಾನೂ ಹಾಗೇ ಕರೆದೆ. ಅವಳು ನನ್ನನ್ನು ಯವ್ವಾ ಎನ್ನುತ್ತಿದ್ದಳು.

ಹೆರಿಗೆ ಕೋಣೆಯ ಮೂಲೆಯಲ್ಲಿ ಸ್ಟೋವು. ಅದರ ಮೇಲೆ ದೊಡ್ಡ ಪಾತೆಲೆಯಲ್ಲಿ ನೀರು ಕುದಿಯುತ್ತಲೇ ಇರುತ್ತಿತ್ತು, ಕತ್ತರಿ, ಚಿಮಟ, ಬಟ್ಟೆ ಎಲ್ಲ ಅದರಲ್ಲೇ ಬೇಯಬೇಕು. ಆವಿ ಮೇಲೇರಿ ಮಾಳಿಗೆಗೆ ಮುಟ್ಟಿ, ಹನಿಯಾಗಿ, ಅಲ್ಲೇ ಮಾಯವಾಗುತ್ತಿತ್ತು. ಬಂದ ಎರಡನೆಯ ವರ್ಷವೋ ಏನೋ, ಸ್ಟೋವಿನ ನೇರಕ್ಕೆ ಸುಣ್ಣದ ಮೇಲೆ ಒಂದು ಕಂದು ಕಲೆ ಕಂಡಿತು. ಮಳೆ ಸೋರಿರಬೇಕು ಎಂದುಕೊಂಡೆ. ಸುಣ್ಣ ಹೊಡೆಸಿದೆ. ಮುಂದಿನ ಮಳೆಗಾಲದ ಹೊತ್ತಿಗೆ ಕಲೆ ಸುಣ್ಣದ ಮೇಲೆ ಮತ್ತೆ ಬಂದು ಕೂತಿತ್ತು, ಈ ಸಲ ಇನ್ನೂ ಎರಡು ಮೂರು ಜೊತೆ ಕಟ್ಟಿಕೊಂಡು.

ಹೆಂಗಸರಿಗೆ ಅದು ಗೆಳತಿಯಂತಾಯಿತು. ಒಬ್ಬಳು ಮೊದಲ ಬೇನೆ ಇಳಿದಾಗ ಉಸಿರು ಬಿಟ್ಟು, "ಅಕ್ಕಾ, ಮ್ಯಾಲ ಕೋಳಿ ಕುಂತದ ನೋಡ್ರಿ, ಮರಿ ಕೆಳಗ ಇಟ್ಕೊಂಡು," ಎಂದಳು. ಇನ್ನೊಬ್ಬಳು, "ಕೋಳಿ ಅಲ್ರಿ, ಅದು ಹೊಳಿ. ನಮ್ಮ ತವರಮನಿ ಮುಂದ ಹಿಂಗೇ ತಿರುಗಿ ಹೋಗ್ತದ," ಎಂದಳು. ಅಫಜಲಪುರದ ಕಡೆಯಿಂದ ಸೊಸೆಯಾಗಿ ಬಂದ ಹುಡುಗಿಯೊಬ್ಬಳು ಏನನ್ನೂ ಹೇಳದೆ ಅದನ್ನೇ ದಿಟ್ಟಿಸುತ್ತ ದಿಟ್ಟಿಸುತ್ತ ಹೆತ್ತಳು. ಆಮೇಲೆ ಏನು ನೋಡುತ್ತಿದ್ದೆ ಎಂದು ಕೇಳಿದರೆ ನಾಚಿ ಮುಖ ತಿರುಗಿಸಿದಳು. ಆಯಿ ಮಾತ್ರ, "ಇಲ್ಲಿ ಬಂದಾಕಿ ಬಂದಾಕಿ ಅದನ್ನೇ ನೋಡಿ ಮಾಳಿಗಿಗೇ ದೃಷ್ಟಿ ತಾಗ್ಯದ ಬಿಡು ಯವ್ವಾ," ಎಂದು ಒಂದು ದಿನ ಉಪ್ಪು ಮೆಣಸಿನಕಾಯಿ ನಿವಾಳಿಸಿ ಕೆಂಡಕ್ಕೆ ಹಾಕಿದಳು. ನಾವಿಬ್ಬರೂ ಕೆಮ್ಮುತ್ತ ಹೊರಗೆ ಬಂದೆವು.

ಎಂಬತ್ತರ ಮೇಲೆ ಒಂದೆರಡು ವರ್ಷ ಕಳೆದಿತ್ತು. ಅಷ್ಟರಲ್ಲಿ ನನಗೆ ಮದುವೆಯಾಗಿತ್ತು. ಗಂಡ ಅದೇ ಊರಿನ ಶಾಲೆಯಲ್ಲಿ ಮೇಷ್ಟ್ರು. ತವರಿಗೆ ಹೋಗಬೇಕೆಂದು ಟ್ರಂಕು ತುಂಬಿಟ್ಟಿದ್ದೆ. ಬಸ್ಸು ಹಿಡಿಯುವ ಮೊದಲೇ ಬೇನೆ ಶುರುವಾಯಿತು. ಎಷ್ಟೋ ಜನರನ್ನು ಮಲಗಿಸಿದ ಮಂಚದ ಮೇಲೆ ನಾನೇ ಮಲಗಿದೆ.

ಆ ಮಧ್ಯಾಹ್ನ ನನಗೆ ಈಗಲೂ ಕನಸಿನಲ್ಲಿ ಕಂಡಂತೆ ನೆನಪಾಗುತ್ತದೆ. ಬಾಗಿಲ ಬಳಿ ಆಯಿ ಅಗಲವಾದ ಬೋಗುಣಿಯಲ್ಲಿ ನೀರು ಇಟ್ಟಿದ್ದಳು. ಹೊರಗಿನ ಬಿಸಿಲು ಆ ನೀರಿಗೆ ಬಡಿದು ಮಾಳಿಗೆಯ ಮೇಲೆ ಬೆಳಕಿನ ಬಲೆಯಾಗಿ ನಡುಗುತ್ತಿತ್ತು. ನೋವು ಬಂದಾಗ ಬೆಳಕು ದೂರ ಹೋಗುತ್ತಿತ್ತು, ಇಳಿದಾಗ ಹತ್ತಿರ ಬರುತ್ತಿತ್ತು. ನನಗೂ ಕೋಳಿ ಕಾಣಬಹುದು, ಹೊಳೆ ಕಾಣಬಹುದು ಎಂದು ಕಾದೆ. ಕಂಡದ್ದು ಗೆರೆಗಳು. ನಿಂತು ಕತ್ತೆತ್ತಿ ನೋಡಿದಾಗ ಅಲ್ಲೊಂದು ಇಲ್ಲೊಂದು ಚೆಲ್ಲಿದ ಕಲೆಗಳಂತೆ ಕಾಣುತ್ತಿದ್ದವು, ಮಲಗಿದವಳಿಗೆ ಒಂದರ ಪಕ್ಕ ಒಂದು, ಒಂದೇ ಅಂತರದಲ್ಲಿ, ಕಾಪಿ ಪುಸ್ತಕದಲ್ಲಿ ಎಳೆದ ಗೆರೆಗಳಂತೆ ನೆಟ್ಟಗೆ ಹೊರಟಿದ್ದವು. ಮಳೆನೀರು ಹೀಗೆ ಅಳತೆ ಹಿಡಿದು ಸೋರುವುದಿಲ್ಲ ಎಂದು ತಲೆಯೊಳಗೆ ಯಾರೋ ಮೆಲ್ಲಗೆ ಹೇಳಿದಂತಾಯಿತು. ಒಳಗಿನಿಂದ ಏನೋ ಬರುತ್ತಿದೆ.

"ಆಯಿ, ಮ್ಯಾಲ ಗೆರಿ ಅವ ನೋಡು," ಎಂದೆ.

"ಇರ್ಲಿ ಬಿಡು ಯವ್ವಾ, ನೀ ಕೆಳಗ ಲಕ್ಷ್ಯ ಕೊಡು," ಎಂದಳು ಆಯಿ.

ಮಗಳು ಹುಟ್ಟಿದಳು. ಬಾಣಂತನಕ್ಕೆ ಊರಿಗೆ ಹೋದೆ. ಖಜೂರಿಯ ರಸ್ತೆಯಲ್ಲಿ ಸೊಲ್ಲಾಪುರದ ಕಡೆಗೆ ಹೋಗುವ ಲಾರಿಗಳ ಸದ್ದು ಕೇಳುತ್ತ, ಮಗುವಿಗೆ ಹಾಲೂಡಿಸುತ್ತ, ಆ ಗೆರೆಗಳನ್ನು ಮರೆತೇಬಿಟ್ಟೆ.

ವಾಪಸು ಬಂದ ಮೇಲೆ ಮಾಳಿಗೆ ತಾನೇ ಮಾತಾಡಿತು. ಬೆಳಗಿನ ಹೊತ್ತು ಒಂದು ಹೆರಿಗೆ ಆಗಿತ್ತು. ತೂಕದ ತಟ್ಟೆ ಮಾಳಿಗೆಯ ಕೊಂಡಿಗೆ ಜೋತುಬಿದ್ದಿರುತ್ತಿತ್ತು. ಮಗುವನ್ನು ತಟ್ಟೆಯಲ್ಲಿಟ್ಟು ತೂಗಿ, ಎತ್ತಿಕೊಂಡು ತಾಯಿಯ ಮಗ್ಗುಲಿಗೆ ಮಲಗಿಸಿ, ಇನ್ನೂ ನೆಟ್ಟಗೆ ನಿಂತಿರಲಿಲ್ಲ, ಹಿಂದೆ ದೊಪ್ಪೆಂದು ಸದ್ದಾಯಿತು. ತಿರುಗಿ ನೋಡಿದರೆ ಜೋಳದ ರೊಟ್ಟಿಯಷ್ಟು ಅಗಲದ ಸಿಮೆಂಟಿನ ಹೆಂಟೆ ತಟ್ಟೆಯೊಳಗೆ ಬಿದ್ದಿತ್ತು. ತಟ್ಟೆ ಅತ್ತ ಇತ್ತ ತೂಗಾಡುತ್ತಿತ್ತು. ಧೂಳು ಬಿಸಿಲಿನಲ್ಲಿ ನಿಧಾನವಾಗಿ ಇಳಿಯುತ್ತಿತ್ತು. ಮೇಲೆ, ಹೆಂಟೆ ಕಳಚಿದ ಜಾಗದಲ್ಲಿ, ಒಂದು ಸಲಾಕಿ ಕೆಂಪಗೆ ಕಾಣುತ್ತಿತ್ತು.

ಬಾಣಂತಿಗೆ ಅರ್ಥವಾಗಲಿಲ್ಲ. "ಏನ್ ಬಿತ್ರಿ?" ಎಂದಳು. ಏನಿಲ್ಲ, ಮಲಗು ಎಂದೆ.

ಅಂದೇ ಮಂಚಗಳನ್ನೆಲ್ಲ ಪಡಸಾಲೆಗೆ ತಂದೆವು. ಹಳೆಯ ಸೀರೆಗಳನ್ನು ಹಗ್ಗಕ್ಕೆ ಹಾಕಿ ಮರೆ ಮಾಡಿದೆವು. ತಾಲ್ಲೂಕಿಗೆ ಪತ್ರ ಬರೆದೆ. ಗಾಳಿ ಬಂದಾಗ ಸೀರೆಗಳು ಉಬ್ಬಿ ಇಳಿಯುತ್ತಿದ್ದವು, ಹಿತ್ತಲಿನ ಬೇವಿನ ಹೂ ಹಾರಿ ಬಂದು ಹಾಸಿಗೆಯ ಮೇಲೆ ಬೀಳುತ್ತಿತ್ತು. ಆ ಬೇಸಿಗೆಯಲ್ಲಿ ಹುಟ್ಟಿದ ಮಕ್ಕಳೆಲ್ಲ ಹೊರಗಿನ ಗಾಳಿಯಲ್ಲೇ ಕಣ್ಣು ಬಿಟ್ಟವು.

ಆಗಲೇ ಗಾರೆ ಕೆಲಸದ ಒಬ್ಬ ವಯಸ್ಸಾದ ಗೌಂಡಿ ತನ್ನ ಸೊಸೆಯನ್ನು ತೋರಿಸಲು ಕರೆದುಕೊಂಡು ಬಂದ. ಅದೇ ಊರಿನ ಮುಸ್ಲಿಂ ಓಣಿಯವನು, ಅರವತ್ತು ದಾಟಿರಬೇಕು. ಗಾಣಗಾಪುರದಲ್ಲಿ ಯಾತ್ರಿಕರಿಗೆ ಕೋಣೆಗಳನ್ನು ಕಟ್ಟುವ ಕೆಲಸಕ್ಕೆ ಹೋಗಿ ವರ್ಷಗಟ್ಟಲೆ ಅಲ್ಲೇ ಇದ್ದು, ಈಗ ಮನೆಗೆ ಮರಳಿದ್ದ. ಸೊಸೆಗೆ ಏಳು ತಿಂಗಳು. ನಾನು ಅವಳನ್ನು ನೋಡಿ ಮುಗಿಸುವವರೆಗೂ ಅವನು ಖಾಲಿ ಕೋಣೆಯ ಹೊಸ್ತಿಲ ಮೇಲೆ ಕೂತು ಮೇಲೆ ನೋಡುತ್ತಿದ್ದ.

"ಒಳಗ ಹೋಗಬಹುದೇನ್ರಿ ನರ್ಸ್ ಬಾಯಾರ?" ಎಂದು ಕೇಳಿದ.

"ಮೈಮ್ಯಾಲ ಬಿದ್ದೀತು ಚಾಚಾ," ಎಂದೆ.

"ಬಿದ್ರ ನನ್ನ ಮ್ಯಾಲ ಬೀಳ್ಲಿ ಬಿಡ್ರಿ," ಎಂದು ಒಳಗೆ ಹೋದ. ಕೈಯಲ್ಲಿದ್ದ ಕೋಲಿನ ತುದಿಯಿಂದ ಮಾಳಿಗೆಯನ್ನು ಅಲ್ಲಲ್ಲಿ ತಟ್ಟಿದ. ಕೆಲವು ಕಡೆ ಗಟ್ಟಿ ಸದ್ದು. ಕೆಲವು ಕಡೆ, ಒಳಗೆ ಟೊಳ್ಳಿರುವ ಮಡಕೆಯನ್ನು ಬಡಿದ ಹಾಗೆ. ಟೊಳ್ಳು ಸದ್ದು ಬಂದಲ್ಲೆಲ್ಲ ಅವನು ನಿಲ್ಲುತ್ತಿದ್ದ, ಇನ್ನೊಮ್ಮೆ ತಟ್ಟುತ್ತಿದ್ದ, ಕಿವಿಯನ್ನೇ ನಂಬದವನ ಹಾಗೆ.

"ನೀರು ಎಲ್ಲಿ ಕಾಸ್ತೀರಿ?"

"ಆ ಮೂಲಿಗ್ರಿ. ದಿನಾ ಅಲ್ಲೇ."

"ಅದಕ್ಕ ಅಲ್ಲಿ ಭಾಳ ಆಗ್ಯದ. ಆವಿ ಒಳಗ ಇಳದದ." ನನ್ನ ಮುಖ ನೋಡಿ ಬೇಗನೆ ಸೇರಿಸಿದ. "ನಿಮ್ಮ ತಪ್ಪಲ್ರಿ ಬಾಯಾರ. ಬ್ಯಾರೆ ಮಾಳಿಗಿ ಇದ್ರ ಆವಿ ಕುಡದೂ ಸುಮ್ಮನಿರತಿತ್ತು. ಇದರ ಹೊಟ್ಟ್ಯಾಗ ಮೊದಲೇ ಉಪ್ಪದ."

"ಉಪ್ಪು ಹ್ಯಾಂಗ ಬಂತು?"

ಗೌಂಡಿ ಹೊರಗೆ ಬಂದು ಬೇವಿನ ಬುಡದಲ್ಲಿ ಕೂತ. ಆಯಿ ಅವನಿಗೆ ಚಹಾ ಕೊಟ್ಟಳು. ಬಸಿಗೆ ಹಾಕಿಕೊಂಡು ಆರಿಸುತ್ತ, ನೆಲ ನೋಡುತ್ತ ಹೇಳಿದ.

"ಈ ಮಾಳಿಗಿ ಹಾಕಿದಾವ ನಾನೇರಿ."

ಆ ವರ್ಷ ಬೇಸಿಗೆಯಲ್ಲಿ ಭೀಮಾ ದಾರದಷ್ಟು ಸಣ್ಣಗೆ ಹರಿಯುತ್ತಿತ್ತಂತೆ. ಹೊಳೆಯಿಂದ ಬಂಡಿಯಲ್ಲಿ ನೀರು ತರಬೇಕು, ಎತ್ತುಗಳು ಸೋತಿದ್ದವು. ಕೆಲಸ ಹಿಡಿದ ಗುತ್ತಿಗೆದಾರ ಹಿತ್ತಲ ಬಾವಿ ತೋರಿಸಿ, ಇದೇ ನೀರಿನಲ್ಲಿ ಕಲಸಿ ಮುಗಿಸಿ ಎಂದ. ಆ ಬಾವಿಯದು ಸವಳು ನೀರು, ಬಾಯಿಗಿಟ್ಟರೆ ಉಪ್ಪುಪ್ಪು.

"ಆ ನೀರಾಗ ಬ್ಯಾಳಿ ಬೇಯಂಗಿಲ್ಲ. ಸಾಬಾಣ ನೊರಿ ಬರಂಗಿಲ್ಲ. ನಮ್ಮ ಹೆಣ್ಮಕ್ಕಳು ಅದನ್ನ ಒಲಿಗೇ ಇಡ್ತಿದ್ದಿಲ್ಲ. ಅಂಥಾದನ್ನ ನಾವು ಸಿಮಿಟಿಗೆ ಹಾಕಿದ್ವಿ. ಒಂದ್ ಸಲ ಅಂದೆ, ಬ್ಯಾಡ್ರಿ ಅಂತ. ಎರಡನೇ ಸಲ ಅನ್ಲಿಲ್ಲ. ನಾ ಸಣ್ಣಾವ ಏನ್ ಇದ್ದಿಲ್ರಿ ಆಗ, ನಲವತ್ತು ದಾಟಿತ್ತು. ತಿಳೀತಿತ್ತು ನನಗ."

ಕಬ್ಬಿಣ ತುಕ್ಕು ಹಿಡಿದರೆ ಕರಗಿ ಸಣ್ಣದಾಗುತ್ತದೆ ಎಂದಷ್ಟೇ ನಾನು ತಿಳಿದಿದ್ದೆ. ಅದು ಸಿಮೆಂಟನ್ನು ಹೇಗೆ ಒಡೆಯುತ್ತದೆ ಎಂದು ಕೇಳಿದೆ.

"ಸಲಾಕಿ ಸಣ್ಣಾಗ್ತದ ಖರೇ. ಆದ್ರ ಜಂಗ್, ಆ ತುಕ್ಕು, ಉಬ್ಬತದ. ಕಡ್ಲಿ ನೆನಿ ಇಟ್ರ ಹ್ಯಾಂಗ ಉಬ್ಬತದ, ಹಾಂಗ. ಉಬ್ಬಿದ್ದಕ್ಕ ಜಾಗ ಬೇಕಲ್ರಿ? ಸಿಮಿಟ್ ಒಡದು ಜಾಗ ಮಾಡ್ಕೋತದ. ಸೀಳು ಬಿಟ್ಟಲ್ಲಿ ಮತ್ತ ಗಾಳಿ ನೀರು ಹೋಗ್ತದ, ಮತ್ತ ಉಬ್ಬತದ."

ಆಯಿ ಖಾಲಿ ಬಸಿ ಎತ್ತಿಕೊಳ್ಳುತ್ತ, "ಹಂಗಾದ್ರ ನೀನೇ ಸರಿ ಮಾಡು," ಎಂದಳು.

"ಅದಕ್ಕೇ ಬಂದೇನಿ," ಎಂದ ಗೌಂಡಿ. ಸೊಸೆಯನ್ನು ತೋರಿಸುವುದು ಅವನಿಗೆ ಒಂದು ನೆಪವಾಗಿತ್ತೆಂದು ಆಗ ತಿಳಿಯಿತು. ತಟ್ಟೆಯಲ್ಲಿ ಬಿದ್ದ ಹೆಂಟೆಯ ಸುದ್ದಿ ಅವನ ಓಣಿಗೂ ಮುಟ್ಟಿತ್ತು.

ತಾಲ್ಲೂಕಿನಿಂದ ಒಬ್ಬ ಮೇಲ್ವಿಚಾರಕ ಬಂದ. ಒಂದಷ್ಟು ಸಿಮೆಂಟಿನ ಚೀಲ ಇಳಿಸಿ, ಬಾಗಿಲಲ್ಲೇ ನಿಂತು ಒಳಗೆ ಇಣುಕಿ, "ಮ್ಯಾಲಿಂದ ಮ್ಯಾಲ ಗಿಲಾವು ಹೊಡದು ಸುಣ್ಣ ಹಚ್ಚಿಬಿಡ್ರಿ," ಎಂದು ಹೇಳಿ ಹೋದ. ಗೌಂಡಿ ಕೈಕಟ್ಟಿ ಕೇಳಿಸಿಕೊಂಡ. ಜೀಪು ಮರೆಯಾದ ಮೇಲೆ ಉಳಿ ಸುತ್ತಿಗೆ ತೆಗೆದ.

ಮೊದಲು ಮರದ ಕಂಬಗಳನ್ನು ನಿಲ್ಲಿಸಿ ಮಾಳಿಗೆಗೆ ಆಸರೆ ಕೊಟ್ಟ. ಆಮೇಲೆ ಟೊಳ್ಳಾದ ಸಿಮೆಂಟನ್ನೆಲ್ಲ ಕೆತ್ತಿ ತೆಗೆದ. ಸಲಾಕಿಯ ಕೆಳಗಿನದಷ್ಟೇ ಅಲ್ಲ, ಅದರ ಬೆನ್ನಿಗೆ ಬೆರಳು ಹೋಗುವ ತನಕ ಕೆತ್ತಿದ. ಎರಡನೆಯ ದಿನ ನಾನು ಒಳಗೆ ಹೋಗಿ ನಿಂತೆ. ಹೆರಿಗೆ ಮಂಚ ಇರುತ್ತಿದ್ದ ಜಾಗದ ಮೇಲೆ ಸಲಾಕಿಗಳು ಬಯಲಾಗಿದ್ದವು, ಬಡಕಲು ದನದ ಪಕ್ಕೆಲುಬಿನಂತೆ. ಮುಟ್ಟಿದರೆ ತುಕ್ಕು ಪದರು ಪದರಾಗಿ ಬೆರಳಿಗೆ ಬಂತು, ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗೆ. ಒಂದು ಕಡೆ ಬೆರಳಿನಷ್ಟು ದಪ್ಪ ಇರಬೇಕಾದ ಸಲಾಕಿ ಸ್ವೆಟರ್ ಹೆಣೆಯುವ ಕಡ್ಡಿಯಷ್ಟಾಗಿತ್ತು. ಇದರ ಕೆಳಗೆ ನನ್ನ ಮಗಳು ಹುಟ್ಟಿದ್ದಳು. ನಾನು ಬೇಗನೆ ಹೊರಗೆ ಬಂದುಬಿಟ್ಟೆ.

ಅವನು ತಂತಿಯ ಬ್ರಷ್ಷಿನಿಂದ ಒಂದೊಂದು ಸಲಾಕಿಯನ್ನೂ ಹೊಳೆಯುವ ತನಕ ತಿಕ್ಕಿದ. ತೀರ ಸವೆದವುಗಳ ಪಕ್ಕಕ್ಕೆ ಹೊಸದನ್ನು ಕಟ್ಟಿದ. ಸಿಮೆಂಟು ಕಲಸುವ ದಿನ ಬಂದಾಗ ಆಯಿಯನ್ನು ಕರೆದು, "ಕುಡಿಯಾಕ ಬರೋ ನೀರು ಬೇಕ್ರಿ. ಈ ಭಾಂವೀದು ಒಂದ್ ಹನಿ ಬ್ಯಾಡ," ಎಂದ.

ಆಯಿ ಓಣಿ ಓಣಿ ತಿರುಗಿದಳು. ಇಲ್ಲಿ ಹೆತ್ತವರೆಲ್ಲ ಹೊಳೆಯಿಂದ ತರುವ ನೀರಿನಲ್ಲಿ ಒಂದೊಂದು ಕೊಡ ಇಲ್ಲಿಗೆ ಸುರಿಯಬೇಕೆಂದು ಹೇಳಿದಳು. ಎಲ್ಲರೂ ಬರಲಿಲ್ಲ. ಬಂದವರು ಕೊಡ ಇಳಿಸಿ, ಕೂತು, ಹರಟೆ ಹೊಡೆದು ಹೋದರು. ಒಬ್ಬಳು ಅತ್ತೆಗೆ ಹೆದರಿ ಅರ್ಧ ಕೊಡ ಮಾತ್ರ ತಂದಳು. ಡ್ರಮ್ಮು ತುಂಬಿತು.

ಗೌಂಡಿ ಮೇಲೆ ಹಲಗೆಯ ಮೇಲೆ ನಿಂತು ಕಲಸಿದ ಸಿಮೆಂಟಿನ ಗಿಲಾವು ಎಸೆದು ಒತ್ತುತ್ತಿದ್ದ ಹೊತ್ತಿಗೆ ಅವನ ಸೊಸೆಗೆ ಬೇನೆ ಬಂತು, ದಿನಕ್ಕಿಂತ ಮುಂಚೆಯೇ. ಪಡಸಾಲೆಯಲ್ಲಿ ಸೀರೆಯ ಮರೆಯಲ್ಲಿ ಮಲಗಿಸಿದೆವು. ಒಳಗಿನಿಂದ ಕರಣೆಯ ಸದ್ದು, ಹೊರಗೆ ಅವಳ ನರಳಾಟ. ನನಗೆ ಎರಡೂ ಒಂದೇ ತಾಳದಲ್ಲಿ ನಡೆದಂತೆ ಅನಿಸುತ್ತಿತ್ತು, ಸೆಕೆಗೆ ಕಣ್ಣು ಮಂಜಾಗುತ್ತಿತ್ತು. ಮಗು ಅತ್ತಾಗ ಕರಣೆ ಒಂದು ಗಳಿಗೆ ನಿಂತಿತು.

"ಏನಾತ್ರಿ ಬಾಯಾರ?" ಒಳಗಿನಿಂದ ದನಿ ಬಂತು.

"ಹೆಣ್ಣು ಕೂಸು ಚಾಚಾ. ಸಣ್ಣದದ, ಆದ್ರ ಛಲೋ ಅದ. ಬಂದು ನೋಡ್ರಿ."

"ಬರ್ತೇನ್ರಿ. ಮಾಲು ಕಲಸೇನಿ, ಬಿಟ್ರ ಗಟ್ಟಿ ಆಗ್ತದ," ಎಂದ. ಕರಣೆ ಮತ್ತೆ ಶುರುವಾಯಿತು. ಕಲಸಿದ್ದು ಮುಗಿಯುವವರೆಗೆ ಅವನು ಇಳಿಯಲಿಲ್ಲ. ಇಳಿದು ಬಂದಾಗ ಮುಖವೆಲ್ಲ ಸಿಮೆಂಟು, ಕಣ್ಣ ಕೆಳಗೆ ಮಾತ್ರ ಎರಡು ತೊಳೆದ ಗೆರೆ. ಕೈ ಕೊಳೆಯಾಗಿದೆ ಎಂದು ಮಗುವನ್ನು ಮುಟ್ಟದೆ ದೂರ ನಿಂತೇ ನೋಡಿದ. "ಅಲ್ಲಾನ ಮೆಹೆರಬಾನಿ," ಎಂದ.

ಗಿಲಾವು ಒಣಗಿ ಬಿರಿಯಬಾರದೆಂದು ಮೂರು ವಾರ ಅದಕ್ಕೆ ಹೊಳೆಯ ನೀರನ್ನೇ ಉಣಿಸಿದೆವು. ದಿನಕ್ಕೆ ಮೂರು ಸಲ ಆಯಿ ಚೊಂಬಿನಿಂದ ಮೇಲಕ್ಕೆ ನೀರು ಎರಚುತ್ತಿದ್ದಳು, ಅರ್ಧ ಅವಳ ಮೈಮೇಲೇ ಬೀಳುತ್ತಿತ್ತು. ಹೊರಗೆ ಬಿಸಿಲು ಕಾದ ಹಂಚಿನಂತಿದ್ದರೆ ಕೋಣೆ ಗುಹೆಯ ಹಾಗೆ ತಂಪಾಗಿರುತ್ತಿತ್ತು. ಮಧ್ಯಾಹ್ನ ಕೆಲಸವಿಲ್ಲದಾಗ ನಾನು ಮಗಳನ್ನು ಎದೆಯ ಮೇಲೆ ಹಾಕಿಕೊಂಡು ಆಸರೆ ಕಂಬಗಳ ನಡುವೆ ಚಾಪೆ ಹಾಸಿ ಮಲಗುತ್ತಿದ್ದೆ. ಎಲ್ಲೋ ಹನಿ ತೊಟ್ಟಿಕ್ಕುತ್ತಿತ್ತು. ಅಂಥ ನಿದ್ದೆ ನನಗೆ ಜೀವನದಲ್ಲಿ ಮತ್ತೆ ಬಂದಿಲ್ಲ.

ಕೋಣೆಗೆ ಮಂಚಗಳು ಮರಳಿದವು. ಬೂದು ಬಣ್ಣದ ಹೊಸ ಮಾಳಿಗೆ ಬೋಳಾಗಿತ್ತು. ನಾಲ್ಕನೆಯ ಹೆರಿಗೆಗೆ ಬಂದ ಒಬ್ಬಳು ಮಲಗಿದವಳೇ, "ಇದೇನ್ರಿ ಅಕ್ಕಾ, ನನ್ನ ಕೋಳೀನ ಎಲ್ಲಿ ಓಡಿಸಿದ್ರಿ? ಈಗ ಏನ್ ನೋಡ್ಲಿ ನಾ?" ಎಂದು ಜಗಳಕ್ಕೇ ಬಂದಳು.

ಆರೋ ಏಳೋ ವರ್ಷ ನೆಮ್ಮದಿಯಾಗಿತ್ತು. ಆಮೇಲೆ ಒಂದು ದಿನ, ಹೊಸ ಗಿಲಾವು ಹಳೆಯ ಸಿಮೆಂಟಿಗೆ ಕೂಡುವ ಅಂಚಿನಲ್ಲಿ ಕಂದು ಗೆರೆ ಕಂಡಿತು. ಗೌಂಡಿಗೆ ಹೇಳಿ ಕಳಿಸಿದೆ. ಈಗ ಅವನಿಗೆ ಕೋಲಿಲ್ಲದೆ ನಡೆಯಲು ಆಗುತ್ತಿರಲಿಲ್ಲ. ಒಳಗೆ ಬಂದು ನೋಡಿದ, ತಟ್ಟಿ ನೋಡಲೂ ಇಲ್ಲ.

"ನಾವು ಕೆತ್ತಿದಲ್ಲಿ ಛಲೋ ಅದ್ರಿ. ಅದರ ಮಗ್ಗಲದಾಗ ಉಳದಿದ್ದಕ್ಕ ಹತ್ತೇದ. ಹಳೇ ಸಿಮಿಟಿನಾಗ ಉಪ್ಪು ಹಾಂಗೇ ಅದ."

"ಮತ್ತ ಕೆತ್ತಿ ಹಾಕಿದ್ರ?"

"ಮತ್ತ ಅದರ ಮಗ್ಗಲಿಗಿ ಬರ್ತದ. ಇದಕ್ಕ ದವಾ ಇಲ್ರಿ ಬಾಯಾರ. ನಾ ಒಂದಷ್ಟು ವರ್ಷ ಮುಂದಕ್ಕ ದೂಡಿ ಕೊಟ್ಟೆ, ಅಷ್ಟೇ. ಹೊಸಾ ಕಟ್ಟಡ ಕೇಳ್ರಿ. ಇದರ ಕೆಳಗ ಇನ್ನ ಮಂದಿನ್ನ ಮಲಗಸಬ್ಯಾಡ್ರಿ."

ಅವನ ದನಿಯಲ್ಲಿ ಅಳುವೂ ಇರಲಿಲ್ಲ, ಅಳುಕೂ ಇರಲಿಲ್ಲ. ತೀರ ಮುದುಕನಾದ ರೋಗಿಯ ಬಗ್ಗೆ ದೊಡ್ಡ ಡಾಕ್ಟರು ಮನೆಯವರಿಗೆ ಹೇಳುವಂತೆ ಹೇಳಿದ.

ಮಂಚಗಳನ್ನು ಮತ್ತೆ ಪಡಸಾಲೆಗೆ ತಂದು, ನಾನು ಮತ್ತೆ ಪತ್ರ ಬರೆಯತೊಡಗಿದೆ. ತಾಲ್ಲೂಕಿಗೆ, ಜಿಲ್ಲೆಗೆ, ಯಾರು ಓದುತ್ತಾರೋ ಅವರಿಗೆ. ನನ್ನ ಗಂಡ ಚಂದದ ಅಕ್ಷರದಲ್ಲಿ ನಕಲು ಮಾಡಿ ಕೊಡುತ್ತಿದ್ದರು. ಊರಿನ ಹೆಂಗಸರು ಹೆಬ್ಬೆಟ್ಟು ಒತ್ತಿದರು, ಸಹಿ ಬರುವವರು ಸಹಿ ಹಾಕಿದರು. ಒಮ್ಮೆ ಅವರನ್ನು ಬಸ್ಸಿನಲ್ಲಿ ಕೂಡಿಸಿಕೊಂಡು ನಾನೇ ಜೇವರ್ಗಿಗೆ ಹೋದೆ. ಕಚೇರಿಯ ಅಂಗಳದಲ್ಲಿ ಎಲ್ಲರೂ ರೊಟ್ಟಿ ಗಂಟು ಬಿಚ್ಚಿ ಕೂತಾಗ ಒಳಗಿನವರು ಹೊರಗೆ ಬಂದು ನೋಡಿದರು.

ತೊಂಬತ್ತರ ದಶಕದ ನಡುವೆ ಊರಿನ ಇನ್ನೊಂದು ಬದಿಗೆ ಹೊಸ ಕಟ್ಟಡ ಎದ್ದಿತು. ಸ್ಲ್ಯಾಬು ಹಾಕುವ ದಿನ ಗೌಂಡಿಯನ್ನು ಯಾರೂ ಕರೆದಿರಲಿಲ್ಲ. ಮೊಮ್ಮಗಳ ಹೆಗಲು ಹಿಡಿದು ಬಂದು, ಟ್ಯಾಂಕರಿನಿಂದ ಡ್ರಮ್ಮಿಗೆ ಬಿದ್ದ ನೀರನ್ನು ಬೊಗಸೆಯಲ್ಲಿ ಹಿಡಿದು ಬಾಯಿಗೆ ಹಾಕಿಕೊಂಡ. ಕೆಲಸ ಮಾಡಿಸುವವನು ಗದರಿಸಲು ಬಂದ, ನಾನು ತಡೆದೆ. "ಹೊಳೀದೇ ಅದ," ಎಂದು ನುಂಗಿ, ಸಂಜೆಯವರೆಗೂ ಅಲ್ಲೇ ಕಲ್ಲಿನ ಮೇಲೆ ಕೂತಿದ್ದ.

ನಾವು ಹೊಸದಕ್ಕೆ ಹೋದೆವು. ಹಳೆಯ ಕೋಣೆಗೆ ಬೀಗ ಬಿತ್ತು. ಎರಡನೆಯ ಮಳೆಗಾಲದಲ್ಲಿ, ಜಿಟಿಜಿಟಿ ಮಳೆಯ ಒಂದು ಮುಂಜಾನೆ, ಅದರ ಮಾಳಿಗೆ ನಡುವೆ ಬಗ್ಗಿ ಕೆಳಗೆ ಕೂತಿತೆಂದು ಆಯಿ ಓಡಿ ಬಂದು ಹೇಳಿದಳು. ನಾವು ಹೋಗಿ ನೋಡುವಾಗ ಗೌಂಡಿ ಆಗಲೇ ಬೇವಿನ ಕೆಳಗೆ ನಿಂತಿದ್ದ, ತಲೆಯ ಮೇಲೆ ಗೋಣಿಚೀಲದ ಕೊಪ್ಪೆ.

"ಒಳಗ ಯಾರೂ ಇದ್ದಿಲ್ಲಲ್ರಿ?" ಎಂದು ನನ್ನನ್ನು ಕೇಳಿದ.

"ಯಾರೂ ಇದ್ದಿಲ್ಲ ಚಾಚಾ."

"ಕುರಿಮರಿ ಏನರ?"

"ಏನೂ ಇದ್ದಿಲ್ಲ. ಬೀಗ ಹಾಕಿತ್ತು."

ಅವನು ನನ್ನ ಮಾತನ್ನಷ್ಟೇ ನಂಬಲಿಲ್ಲ. ಗೋಡೆಯ ಪಕ್ಕಕ್ಕೆ ಹೋಗಿ, ಬಗ್ಗಿ, ಕಿಟಕಿಯೊಳಗಿನಿಂದ ಬಿದ್ದ ರಾಶಿಯನ್ನು ಬಹಳ ಹೊತ್ತು ನೋಡಿದ. ಮಳೆ ಈಗ ನೇರವಾಗಿ ಕೋಣೆಯೊಳಗೇ ಬೀಳುತ್ತಿತ್ತು. ಆಮೇಲೆ ನಿಧಾನವಾಗಿ ನೆಟ್ಟಗಾಗಿ, "ನಡೀರಿ, ಹೋಗೂಣು," ಎಂದ. ಮೂವರೂ ಕೆಸರಿನಲ್ಲಿ ಹೆಜ್ಜೆ ನೋಡಿಕೊಂಡು, ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಹೊಸ ಆಸ್ಪತ್ರೆಯ ಕಡೆಗೆ ನಡೆದೆವು. ಅಲ್ಲಿ ಒಬ್ಬಳಿಗೆ ಬೆಳಗಿನಿಂದ ಬೇನೆ ಶುರುವಾಗಿತ್ತು.